ಹಿತ್ತಲಿಗೆ ಜೇನು ಬರುವುದು ಕಡಿಮೆಯಾಯಿತೇ?

ಬೆಳಗ್ಗೆ ಏಳು ಗಂಟೆಗೆ ಹಿತ್ತಲಿನ ಕುಂಬಳದ ಬಳ್ಳಿಯಲ್ಲಿ ಹೂಗಳು ಪೂರ್ತಿ ಅರಳಿರುತ್ತವೆ. ಅಂಗೈಯಗಲದ ಹಳದಿ ಹೂವಿನೊಳಗೆ ತುಡುವೆ ಜೇನು ಇಳಿದು, ಬುಡದ ಮಕರಂದಕ್ಕೆ ತಲೆಯಿಟ್ಟು, ಮೈಗೆಲ್ಲ ಪರಾಗ ಮೆತ್ತಿಕೊಂಡು ಹೊರಬರುತ್ತದೆ. ತುಳಸಿಕಟ್ಟೆಯಲ್ಲಿ ಕಪ್ಪು ಮುಜಂಟಿಗಳು ಕದಿರಿನಿಂದ ಕದಿರಿಗೆ ಹಾರುತ್ತವೆ. ಬದನೆ ಸಾಲಿನಲ್ಲಿ ದುಂಬಿಯೊಂದು ಹೂವಿಗೆ ಜೋತುಬಿದ್ದು ಗುಂಯ್‌ಗುಡುತ್ತದೆ. ಬಿಸಿಲೇರುತ್ತಿದ್ದಂತೆ ಕುಂಬಳದ ಹೂ ಮುದುಡತೊಡಗುತ್ತದೆ. ಪರಾಗ ಗಂಡು ಹೂವಿನಿಂದ ಹೆಣ್ಣು ಹೂವಿಗೆ ಸೇರುವ ಕೆಲಸ ಅಷ್ಟರೊಳಗೆ ಮುಗಿದಿರಬೇಕು.

ಈ ಓಡಾಟ ಕಡಿಮೆಯಾದ ವರ್ಷ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಜೇನಲ್ಲ, ಕಾಯಿ. ಹೀಚು ಹಳದಿಯಾಗಿ ಉದುರುತ್ತದೆ, ಸೌತೆಕಾಯಿ ಒಂದು ತುದಿಯಲ್ಲಿ ಸೊರಗಿ ಸೊಟ್ಟಗಾಗುತ್ತದೆ. ಆಮೇಲೆ ಮಾತು ಹೊರಡುತ್ತದೆ: ‘ಮೊದಲೆಲ್ಲ ಎಷ್ಟೊಂದು ಜೇನಿತ್ತು, ಈಗ ಎಲ್ಲಿ?’ ಮಾತು ನಿಜವೇ ಇರಬಹುದು. ಆದರೆ ‘ಮೊದಲೆಲ್ಲ’ ಎಂದರೆ ಯಾವ ತಿಂಗಳು, ‘ಜೇನು’ ಎಂದರೆ ಯಾವ ಜೇನು ಎಂಬುದು ಗೊತ್ತಿಲ್ಲದೆ ಅದನ್ನು ಒಪ್ಪುವುದೂ ಕಷ್ಟ, ತಳ್ಳಿಹಾಕುವುದೂ ಕಷ್ಟ.

ಯಾವ ಜೇನು?

ಕರ್ನಾಟಕದ ಹಿತ್ತಲುಗಳಿಗೆ ಬರುವ, ತುಪ್ಪ ಕೂಡಿಡುವ ನಾಡಜೇನುಗಳು ಮುಖ್ಯವಾಗಿ ನಾಲ್ಕು. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಗೋಡೆಯ ಸಂದಿಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಮಲೆನಾಡು, ಕರಾವಳಿಯವರು ಪೆಟ್ಟಿಗೆಯಲ್ಲಿ ಸಾಕುತ್ತ ಬಂದಿರುವುದು ಇದನ್ನೇ. ಎತ್ತರದ ಮರ, ಬಂಡೆಯ ಚಾಚು, ನೀರಿನ ಟ್ಯಾಂಕಿನ ಅಡಿಭಾಗದಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿಗೆ ಇಳಿಬಿಡುವುದು ಹೆಜ್ಜೇನು. ಬೇಲಿಯ ಪೊದೆಯೊಳಗೆ ಕಡ್ಡಿಯೊಂದಕ್ಕೆ ಅಂಗೈಯಷ್ಟು ಎರಿ ಕಟ್ಟುವುದು ಕೋಲುಜೇನು. ಇರುವೆ ಬಾರದಂತೆ ಆ ಕಡ್ಡಿಯ ಎರಡೂ ಬದಿಗೆ ಅಂಟು ಬಳಿದಿಟ್ಟಿರುತ್ತದೆ. ನಾಲ್ಕನೆಯದು ಕುಟುಕದ ಪುಟ್ಟ ಜೇನು. ಕರಾವಳಿಯಲ್ಲಿ ಅದು ಮುಜಂಟಿ, ಉತ್ತರ ಕನ್ನಡದಲ್ಲಿ ಮಿಸರಿ, ಬೇರೆ ಕೆಲವೆಡೆ ನಸರು. ಉದ್ದ ಮೂರು–ನಾಲ್ಕು ಮಿಲಿಮೀಟರ್ ಮಾತ್ರ. ಹಳೆಯ ಮಣ್ಣಿನ ಗೋಡೆಯಿಂದ ಹೊರಚಾಚಿದ ಸಣ್ಣ ಅಂಟಿನ ಕೊಳವೆ ಕಂಡರೆ ಅದು ಮುಜಂಟಿ ಮನೆಯ ಬಾಗಿಲು.

ಇವಲ್ಲದೆ ಯುರೋಪಿನ ಮೆಲ್ಲಿಫೆರಾ ಜೇನೂ ಈಗ ಇಲ್ಲಿದೆ. ಭಾರತದಲ್ಲಿ ಅದು ನೆಲೆ ಕಂಡದ್ದು 1962ರಲ್ಲಿ, ಇಂದಿನ ಹಿಮಾಚಲ ಪ್ರದೇಶಕ್ಕೆ ಸೇರಿದ ನಗ್ರೋಟಾದಲ್ಲಿ. ಪೆಟ್ಟಿಗೆಯಲ್ಲಿ ಸಾಕಿದವರು ಹತ್ತಿರದಲ್ಲಿದ್ದರೆ ಮಾತ್ರ ಅದು ಹಿತ್ತಲಿಗೆ ಬಂದೀತು.

ಇಷ್ಟಕ್ಕೇ ಪಟ್ಟಿ ಮುಗಿಸುವುದು ವಾಡಿಕೆ, ಮತ್ತು ತಪ್ಪು ಆಗುವುದೂ ಅಲ್ಲೇ. ಹಿತ್ತಲಿನಲ್ಲಿ ದುಡಿಯುವ ಎಷ್ಟೋ ಜೇನುಗಳು ಗೂಡು ಕಟ್ಟಿ ಬಳಗವಾಗಿ ಬಾಳುವಂಥವಲ್ಲ, ಒಂಟಿಯಾಗಿ ಬದುಕುವಂಥವು. ಒಣಮರ, ಬಿದಿರನ್ನು ಕೊರೆದು ಮನೆ ಮಾಡುವ ದೊಡ್ಡ ಕಪ್ಪು ದುಂಬಿ ಇವುಗಳಲ್ಲಿ ಒಂದು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳಿರುವ ಜೇನು ಇನ್ನೊಂದು. ಅದರ ಗಂಡುಗಳು ಸಂಜೆ ಒಣಕಡ್ಡಿಯೊಂದಕ್ಕೆ ಸಾಲಾಗಿ ಬಂದು, ದವಡೆಯಲ್ಲಿ ಕಡ್ಡಿ ಕಚ್ಚಿ ಹಿಡಿದು ಹಾಗೆಯೇ ರಾತ್ರಿ ನಿದ್ರಿಸುತ್ತವೆ. ಗುಲಾಬಿಯ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ನಯವಾದ ಅರ್ಧಚಂದ್ರಗಳು ಕಂಡರೆ ಅದು ರೋಗವಲ್ಲ, ಎಲೆಕತ್ತರಿ ಜೇನಿನ ಕೆಲಸ. ಆ ತುಂಡುಗಳನ್ನು ಸುರುಳಿ ಸುತ್ತಿ ಗೋಡೆಯ ತೂತು, ಪೈಪಿನ ತುದಿ, ಒಮ್ಮೊಮ್ಮೆ ಬೀಗದ ಕಿಂಡಿಯಲ್ಲೂ ಮರಿಗೆ ಕೋಣೆ ಕಟ್ಟುತ್ತದೆ. ಗುಲಾಬಿಗೆ ಏನೋ ತಗಲಿತೆಂದು ಔಷಧಿ ಹೊಡೆದವರು ಈ ಜೇನನ್ನೇ ಕೊಂದಿರುತ್ತಾರೆ.

ಎಣಿಕೆ ಕೆಡಿಸುವ ಇನ್ನೊಂದು ಜೀವಿಯೂ ಇದೆ. ಕೆಲವು ನೊಣಗಳು ಜೇನಿನಂತೆಯೇ ಹಳದಿ–ಕಪ್ಪು ಪಟ್ಟೆ ಹೊತ್ತು ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ಇರುತ್ತವೆ. ನೊಣಕ್ಕೆ ರೆಕ್ಕೆ ಎರಡು, ಜೇನಿಗೆ ನಾಲ್ಕು. ಹಾರಾಡುವಾಗ ರೆಕ್ಕೆ ಎಣಿಸಲು ಆಗದು ನಿಜ. ಮೀಸೆ ನೋಡಿದರೆ ಸುಲಭ: ಜೇನಿನದು ಉದ್ದವಾಗಿ ನಡುವೆ ಬಾಗಿರುತ್ತದೆ, ಈ ನೊಣದ್ದು ಇದ್ದೂ ಇಲ್ಲದಂತೆ ಗಿಡ್ಡ.

ಹಾರುವ ದೂರವೂ ಜೇನಿನಿಂದ ಜೇನಿಗೆ ಬೇರೆ. ಮುಜಂಟಿ ಗೂಡಿನಿಂದ ಕೆಲವು ನೂರು ಮೀಟರ್ ದಾಟುವುದು ಅಪರೂಪ. ತುಡುವೆ ಹೆಚ್ಚಾಗಿ ಒಂದು–ಒಂದೂವರೆ ಕಿಲೋಮೀಟರಿನೊಳಗೆ ಸುತ್ತುತ್ತದೆ. ಹೆಜ್ಜೇನು ಹಲವು ಕಿಲೋಮೀಟರ್ ಹಾರಿ ಬರುತ್ತದೆ. ಹಾಗಾಗಿ ಮುಜಂಟಿ ಕಾಣೆಯಾದರೆ ಕಾರಣವನ್ನು ಅದೇ ಬೀದಿಯಲ್ಲಿ ಹುಡುಕಬೇಕು. ಹೆಜ್ಜೇನು ಕಾಣೆಯಾದರೆ ಸುತ್ತಲ ಹತ್ತೂರಿನ ಹೊಲ, ಕೆರೆ, ಮರಗಳ ಕಡೆ ನೋಡಬೇಕು. ಎರಡನ್ನೂ ‘ಜೇನು’ ಎಂದು ಒಂದೇ ಲೆಕ್ಕಕ್ಕೆ ಸೇರಿಸಿದರೆ ಏನೂ ತಿಳಿಯುವುದಿಲ್ಲ.

ಋತುವಿನ ಏರಿಳಿತ

ಹೆಜ್ಜೇನು ವಲಸೆ ಹೋಗುವ ಜೇನು. ಮಳೆಗಾಲ ಮುಗಿದ ಮೇಲೆ ಬಯಲುಸೀಮೆಗೆ ಬಂದು ಎರಿ ಕಟ್ಟಿ, ಹೂವಿನ ಸುಗ್ಗಿ ಮುಗಿಸಿ, ಮುಂಗಾರಿನ ಹೊತ್ತಿಗೆ ಎರಿಯನ್ನು ಬಿಟ್ಟು ಹೊರಡುತ್ತದೆ. ಬೆಂಗಳೂರು ಗ್ರಾಮಾಂತರದ ರಾಮಗೋವಿಂದಪುರದ ಆಲದ ಮರದಂಥ ಕಡೆ ವರ್ಷ ವರ್ಷವೂ ಬಹುಸಂಖ್ಯೆಯಲ್ಲಿ ಬಂದು ನೆಲೆಸುತ್ತದೆ. ಹೋದ ಬಳಗವೇ ಮರಳುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ 2000ದಲ್ಲಿ ಉತ್ತರ ಸಿಕ್ಕಿತು. ಅಸ್ಸಾಂನಲ್ಲಿ ಆನುವಂಶಿಕ ಗುರುತು ಪರೀಕ್ಷಿಸಿದವರು, ಬಿಟ್ಟುಹೋದ ರಾಣಿಯೇ ತನ್ನ ಹಿಂದಿನ ತಾಣಕ್ಕೆ ಮರಳಿದ್ದನ್ನು ಕಂಡುಕೊಂಡರು. ದುಡಿಯುವ ಜೇನುನೊಣಗಳ ಆಯುಸ್ಸು ಕೆಲವು ವಾರಗಳದ್ದು; ಹೋದವು ತಿಂಗಳುಗಳ ನಂತರ ಬದುಕಿರುವ ಸಾಧ್ಯತೆ ಕಡಿಮೆ. ಆದರೂ ಬಳಗ ದಾರಿ ತಪ್ಪುವುದಿಲ್ಲ.

ಇಂಥ ಜೇನನ್ನು ಜುಲೈಯಲ್ಲಿ ಹುಡುಕಿ ‘ಕಡಿಮೆಯಾಗಿದೆ’ ಎನ್ನುವುದು ತೇರು ಮುಗಿದ ಮರುದಿನ ಊರಿನ ಜನಸಂಖ್ಯೆ ಎಣಿಸಿದಂತೆ.

ತುಡುವೆ ಅಷ್ಟು ದೂರ ಹೋಗುವುದಿಲ್ಲ, ಆದರೆ ಅದರ ಬಳಗವೂ ಹಿಗ್ಗಿ ಕುಗ್ಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲ ಅದಕ್ಕೆ ಬರಗಾಲ. ಹಗಲಿಡೀ ಸುರಿಯುವ ಮಳೆಯಲ್ಲಿ ಹೊರಗೆ ಹಾರಲಾಗದು, ಹಾರಿದರೂ ಹೂವಿನ ಮಕರಂದ ತೊಳೆದುಹೋಗಿರುತ್ತದೆ. ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ. ಕೂಡಿಟ್ಟ ತುಪ್ಪ ಮುಗಿದರೆ ಇಡೀ ಬಳಗ ಗೂಡು ತೊರೆದು ಹಾರಿಬಿಡುತ್ತದೆ. ಸಾಕುವವರು ಆಷಾಢದಲ್ಲಿ ಪೆಟ್ಟಿಗೆಗೆ ಸಕ್ಕರೆ ಪಾಕ ಇಡುವುದು ಇದಕ್ಕೇ. ಮಳೆ ಕಳೆದು ಹೂವು ಹೆಚ್ಚಿದಂತೆ ಬಳಗ ಬಲಿತು, ತುಂಬಿತುಳುಕಿದಾಗ ಹಳೆಯ ರಾಣಿ ಒಂದಷ್ಟು ನೊಣಗಳೊಂದಿಗೆ ಹೊರಟು ಪಾಲಾಗುತ್ತದೆ. ಆ ತಿಂಗಳುಗಳಲ್ಲಿ ಹಿತ್ತಲಿನಲ್ಲಿ ಜೇನು ಎದ್ದುಕಾಣುತ್ತದೆ.

ಹೂವು ಹೆಚ್ಚಿರುವಾಗಲೂ ಹಿತ್ತಲು ಖಾಲಿಯಿರುವುದುಂಟು. ಬೇಸಿಗೆಯಲ್ಲಿ ಬೀದಿಯ ಹೊಂಗೆ ಮರಗಳು ಹೂಬಿಟ್ಟರೆ ಮನೆಯ ತುಳಸಿ, ಕಾಮಕಸ್ತೂರಿಗಳನ್ನು ಕೇಳುವವರಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ಮಾರ್ಚಿನ ಹೂಮಳೆ ಬಿದ್ದ ವಾರ–ಹತ್ತು ದಿನದಲ್ಲಿ ಕಾಫಿ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನ. ಆ ದಿನಗಳಲ್ಲಿ ಜೇನೆಲ್ಲ ತೋಟದಲ್ಲಿ. ಒಳ್ಳೆಯ ಹೂವಿನ ನೆಲೆ ಕಂಡ ನೊಣ ಗೂಡಿಗೆ ಮರಳಿ ಕುಣಿದು, ಅದು ಇರುವ ದಿಕ್ಕು, ದೂರಗಳನ್ನು ಉಳಿದವಕ್ಕೆ ತಿಳಿಸುತ್ತದೆ. ಈ ಕುಣಿತವನ್ನು ಓದಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಿತ್ತಲಿನ ಮಟ್ಟಿಗೆ ಅದರ ಅರ್ಥ ಇಷ್ಟು: ಒಂದು ಬಳಗ ಒಂದೇ ಬೆಳಗಿನಲ್ಲಿ ಅಂಗಳ ಬಿಟ್ಟು ಬೇರೆಡೆಗೆ ಹೊರಳಬಲ್ಲದು, ಒಂದು ನೊಣವೂ ಸಾಯದೆ.

ತೊಂಬತ್ತೊಂದರ ಹೊಡೆತ

ಹಾಗೆಂದು ಕಡಿಮೆಯಾದದ್ದೆಲ್ಲ ಕಣ್ಣಿನ ಭ್ರಮೆಯಲ್ಲ. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಜೇನು ನಿಜಕ್ಕೂ ನೆಲಕಚ್ಚಿತು. ಕಾರಣ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಎಪ್ಪತ್ತರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಭಾರತದ ಈಶಾನ್ಯ ಮತ್ತು ಉತ್ತರ ಭಾಗಗಳನ್ನು ಹಾದು, ತೊಂಬತ್ತರ ದಶಕದ ಆರಂಭದಲ್ಲಿ ಕೇರಳ, ಕರ್ನಾಟಕ, ತಮಿಳುನಾಡುಗಳಿಗೆ ಹರಡಿತು. ಈ ಭಾಗದ ತುಡುವೆ ಬಳಗಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾದವೆಂದು ಜೇನು ವಿಜ್ಞಾನಿಗಳ ಅಂದಾಜು.

ರೋಗ ಬಡಿಯುವುದು ಬೆಳೆದ ನೊಣಕ್ಕಲ್ಲ, ಮರಿಹುಳುವಿಗೆ. ರೋಗಕ್ಕೆ ಬಿದ್ದ ಮರಿ ದೊಡ್ಡದಾಗುತ್ತದೆ, ಆದರೆ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗದು. ಆ ಪೊರೆಯೊಳಗೆ ನೀರು ತುಂಬಿ, ಮರಿ ತಲೆಯನ್ನು ಕೋಶದ ಬಾಯಿಯ ಕಡೆಗೆ ಎತ್ತಿಕೊಂಡು ಸತ್ತು ಬಿದ್ದಿರುತ್ತದೆ. ಚಿಮಟದಿಂದ ಎತ್ತಿದರೆ ಇಡೀ ಹುಳು ನೀರಿನ ಚೀಲವಾಗಿ ಮೇಲೆ ಬರುತ್ತದೆ. ಹಳೆಯ ನೊಣಗಳು ಆಯುಸ್ಸು ತೀರಿ ಸಾಯುತ್ತ ಹೋಗುತ್ತವೆ, ಜಾಗ ತುಂಬಲು ಹೊಸವು ಹುಟ್ಟುವುದಿಲ್ಲ. ಹೊರಗಿನಿಂದ ನೋಡುವವರಿಗೆ ಕಾಣುವುದು ಹೂವಿಗೆ ಬರುವ ನೊಣಗಳು ವಾರದಿಂದ ವಾರಕ್ಕೆ ವಿರಳವಾಗುವುದಷ್ಟೇ. ಆಮೇಲೆ ಒಂದು ದಿನ ಪೆಟ್ಟಿಗೆ ಖಾಲಿ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಎಷ್ಟೋ ಮನೆಗಳು ಆ ವರ್ಷಗಳಲ್ಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಸೇರಿಸಿದವು. ದಕ್ಷಿಣದಲ್ಲಿ ಮೆಲ್ಲಿಫೆರಾ ಸಾಕಣೆಗೆ ಒತ್ತು ಸಿಕ್ಕಿದ್ದೂ ಈ ರೋಗದ ನಂತರ. ಬದುಕುಳಿದ ಕೆಲವೇ ಬಳಗಗಳಿಂದ ತುಡುವೆ ಮತ್ತೆ ಹೆಚ್ಚಿತು. ರೋಗ ಪೂರ್ತಿ ಹೋಗಿಲ್ಲ, ಅಲ್ಲಲ್ಲಿ ಮರುಕಳಿಸುತ್ತಲೇ ಇದೆ.

ಜೇನು ಕಡಿಮೆಯಾದದ್ದಕ್ಕೆ ಮೊಬೈಲ್ ಟವರೇ ಕಾರಣ ಎನ್ನುವವರು ಈ ವರ್ಷಗಳನ್ನು ನೆನಪಿಡಬೇಕು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈಯಲ್ಲಿ. ದಕ್ಷಿಣದ ತುಡುವೆ ಕುಸಿದದ್ದು ಅದಕ್ಕೂ ಮೊದಲು. ಟವರಿನ ಅಲೆಗಳು ಬಯಲಿನ ಜೇನುಬಳಗಗಳನ್ನು ಅಳಿಸುತ್ತಿವೆ ಎಂಬುದು ಇನ್ನೂ ಸಾಬೀತಾಗದ ಮಾತು. ಜೇನು ಅಳಿದರೆ ನಾಲ್ಕೇ ವರ್ಷದಲ್ಲಿ ಮನುಷ್ಯ ಅಳಿಯುತ್ತಾನೆಂದು ಐನ್‌ಸ್ಟೈನ್ ಹೇಳಿದರೆಂಬುದೂ ಅದೇ ಜಾತಿಯದು. ಅವರು ಹಾಗೆ ಹೇಳಿದ್ದಕ್ಕೆ ದಾಖಲೆಯಿಲ್ಲ. ಸುಲಭವಾಗಿ ಸಿಗುವ ಕಾರಣ ಒಂದನ್ನು ಹಿಡಿದುಕೊಂಡರೆ ಕಷ್ಟದ ಕಾರಣಗಳ ಕಡೆ ಯಾರೂ ತಿರುಗುವುದಿಲ್ಲ.

ನಗರದ ಕೈತೋಟ

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ನಗರದ ಬೇರೆ ಬೇರೆ ಕಡೆಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಜ್ಜೇನುಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಳಿ ಹೆಚ್ಚು ಕೆಟ್ಟಿದ್ದ ಕಡೆ ಹೂವಿಗೆ ಬರುವ ಜೇನು ಕಡಿಮೆಯಿತ್ತು. ಅಲ್ಲಿ ಹಿಡಿದ ನೊಣಗಳ ಮೈಗೆ ಲೋಹದ ಕಣಗಳು ಅಂಟಿದ್ದವು, ಹೃದಯ ಬಡಿತದ ಲಯ ಕೆಟ್ಟಿತ್ತು. ಸಾಧಾರಣ ಮತ್ತು ಹೆಚ್ಚು ಮಾಲಿನ್ಯದ ಜಾಗಗಳಿಂದ ತಂದವುಗಳಲ್ಲಿ ಶೇ. 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಮುಖ್ಯರಸ್ತೆಯ ಪಕ್ಕದ ಮನೆಯ ತಾರಸಿ ತೋಟದಲ್ಲಿ ಜೇನು ಕಾಣದಿದ್ದರೆ ದೋಷ ಗಿಡದ್ದೇ ಇರಬೇಕಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಗೂಡು ಕಟ್ಟುವ ಜಾಗವೂ ಕರಗುತ್ತಿದೆ. ಮಣ್ಣಿನ ಗೋಡೆ, ಕಲ್ಲುಕಟ್ಟಡದ ಸಂದಿ, ಹಳೆಯ ಮರದ ಪೊಟರೆ ಇವು ತುಡುವೆ, ಮುಜಂಟಿಗಳ ಮನೆ. ಗಾರೆ ಬಳಿದ ನುಣುಪು ಗೋಡೆಯಲ್ಲಿ ಅವಕ್ಕೆ ಎಡೆಯಿಲ್ಲ. ಬೇಲಿಯನ್ನು ತಿಂಗಳಿಗೊಮ್ಮೆ ಕತ್ತರಿಸಿ ಚೊಕ್ಕ ಮಾಡುವ ಕಡೆ ಕೋಲುಜೇನು ನಿಲ್ಲದು. ಅಂಗಳಕ್ಕೆಲ್ಲ ಸಿಮೆಂಟು ಹಾಕಿದರೆ ನೆಲದಲ್ಲಿ ಬಿಲ ತೋಡುವ ನೀಲಿಪಟ್ಟಿಯ ಜೇನು ಬೇರೆಡೆಗೆ ಹೋಗಬೇಕು. ಹೆಜ್ಜೇನು ಮಾತ್ರ ಬಹುಮಹಡಿ ಕಟ್ಟಡದ ಸಜ್ಜೆಯನ್ನು ಬಂಡೆಯ ಚಾಚೆಂದೇ ತಿಳಿದು ಎರಿ ಕಟ್ಟುತ್ತದೆ. ಬೆಂಕಿಯೋ ಔಷಧಿಯೋ ಅದನ್ನು ಅಲ್ಲಿಯೇ ಮುಗಿಸುತ್ತದೆ. ಬೆಳಗ್ಗೆ ಬೀದಿದೀಪದ ಕೆಳಗೆ ಸತ್ತ ಹೆಜ್ಜೇನುಗಳು ಬಿದ್ದಿರುವುದನ್ನು ವಿಷಪ್ರಾಶನವೆಂದು ಹೆದರುವವರಿದ್ದಾರೆ. ಬೆಳದಿಂಗಳಲ್ಲಿ ಹೂವಿಗೆ ಹೋಗುವ ಅಭ್ಯಾಸವಿರುವ ಈ ಜೇನು ರಾತ್ರಿಯ ದೀಪಕ್ಕೆ ಮರುಳಾಗಿ ಸುತ್ತಿ ಸುತ್ತಿ ದಣಿದು ಬೀಳುತ್ತದೆ, ಹೆಚ್ಚಿನ ಸಲ ವಿಷಯ ಅಷ್ಟೇ.

ಹೂವಿದ್ದರೂ ಮೇವಿಲ್ಲದ ತೋಟಗಳೂ ಇವೆ. ನರ್ಸರಿಯಿಂದ ತಂದ ಸುತ್ತುದಳದ ದಾಸವಾಳ, ಒತ್ತೊತ್ತಾಗಿ ಎಸಳು ತುಂಬಿದ ಹೈಬ್ರಿಡ್ ಚೆಂಡುಹೂಗಳಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ, ಇಲ್ಲವೇ ಎಸಳಿನ ಅಡಿ ಮುಚ್ಚಿಹೋಗಿರುತ್ತವೆ. ನೋಡಲು ಚಂದ, ಜೇನಿಗೆ ಬರಿದು.

ಸಿಂಪಡಣೆಯ ಸುಳಿವು

ರೋಗದಿಂದಾದ ಇಳಿಕೆ ವಾರಗಟ್ಟಲೆ ನಡೆಯುತ್ತದೆ, ಋತುವಿನದ್ದು ತಿಂಗಳುಗಟ್ಟಲೆ. ಒಂದೇ ದಿನದಲ್ಲಿ ಆದದ್ದು ಕೀಟನಾಶಕದ್ದಿರಬಹುದು. ವಿಷ ತಗಲಿದ ನೊಣ ನೆಲದಲ್ಲಿ ನಡುಗುತ್ತ ಗಿರಗಿರನೆ ತಿರುಗುತ್ತದೆ. ಸತ್ತದ್ದರ ನಾಲಗೆ ಅನೇಕ ಸಲ ಹೊರಚಾಚಿರುತ್ತದೆ. ಪಕ್ಕದ ತೋಟದಲ್ಲಿ ಮಾವಿನ ಹೂವಿಗೋ ತರಕಾರಿಗೋ ಹಿಂದಿನ ದಿನ ಸಿಂಪಡಣೆ ಆಗಿತ್ತೇ ಎಂದು ವಿಚಾರಿಸಿದರೆ ಉತ್ತರ ಸಿಗುವುದುಂಟು.

ಇಮಿಡಾಕ್ಲೋಪ್ರಿಡ್‌ನಂಥ ಔಷಧಿಗಳ ಕತೆ ಇಷ್ಟು ನೇರವಲ್ಲ. ಅವು ಗಿಡದ ಮೇಲೆ ಕೂರುವುದಿಲ್ಲ, ಒಳಗೇ ಹರಿಯುತ್ತವೆ. ಬೀಜಕ್ಕೆ ಲೇಪಿಸಿದ್ದು, ಬುಡಕ್ಕೆ ಹಾಕಿದ್ದು ಕೊಂಚವಾದರೂ ಪರಾಗ, ಮಕರಂದಗಳಿಗೆ ಸೇರುತ್ತದೆ. ಆ ಪ್ರಮಾಣದಲ್ಲಿ ನೊಣ ಸಾಯದೇ ಇರಬಹುದು, ಆದರೆ ದಾರಿ ಮರೆಯುತ್ತದೆ, ಗೂಡಿಗೆ ಮರಳುವುದಿಲ್ಲ. ಹೂವಿನ ಬಳಿ ಹೆಣ ಬೀಳದೆ ಜೇನು ಕರಗುವುದು ಹೀಗೆ. ಐರೋಪ್ಯ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿ ಈ ವರ್ಗದ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ನಮ್ಮಲ್ಲಿ ಇಮಿಡಾಕ್ಲೋಪ್ರಿಡ್ ಗೊಬ್ಬರದಂಗಡಿಯಲ್ಲಿ ಸಣ್ಣ ಬಾಟಲಿಯಲ್ಲೂ ಸಿಗುತ್ತದೆ, ಮನೆಯ ದಾಸವಾಳದ ಬಿಳಿ ತಿಗಣೆಗೂ ಅದನ್ನೇ ಕೊಟ್ಟು ಕಳಿಸುತ್ತಾರೆ.

ಕಾಯಿ ನೋಡಿ ಜೇನು ಅಳೆಯುವುದು

ಉದುರಿದ ಹೀಚನ್ನು ನೋಡಿ ಜೇನಿಲ್ಲವೆಂದು ತೀರ್ಮಾನಿಸುವ ಮೊದಲು ಯಾವ ಬಳ್ಳಿಯದ್ದೆಂದು ನೋಡಬೇಕು. ಕುಂಬಳ, ಸೌತೆ, ಹಾಗಲ ಬೆಳಗಿನ ಹೂಗಳು. ಅವಕ್ಕೆ ಜೇನೇ ಬೇಕು. ಒಂದೆರಡು ಭೇಟಿಯೂ ಸಾಲದು. ಪರಾಗ ಸಾಕಷ್ಟು ಬೀಳದಿದ್ದರೆ ಒಳಗೆ ಬೀಜ ಅರ್ಧಂಬರ್ಧ ಕಟ್ಟಿ, ಬೀಜವಿಲ್ಲದ ಭಾಗ ಬೆಳೆಯದೆ ಕಾಯಿ ಸೊಟ್ಟಗಾಗುತ್ತದೆ. ಹೀರೆ, ಸೋರೆ, ಪಡವಲ ಅರಳುವುದು ಸಂಜೆ. ಅವಕ್ಕೆ ರಾತ್ರಿಯ ಪತಂಗಗಳು ಮುಖ್ಯ. ಸೋರೆಯ ಹೀಚು ಉದುರಿದ್ದಕ್ಕೆ ಹಗಲಿನ ಜೇನನ್ನು ದೂರಿ ಫಲವಿಲ್ಲ. ಬಳ್ಳಿಯ ಮೊದಲ ವಾರಗಳಲ್ಲಿ ಗಂಡು ಹೂಗಳೇ ಬರುವುದು ಸಹಜ, ಅವು ಉದುರಲೇಬೇಕು.

ಬದನೆ, ಟೊಮೆಟೊಗಳದ್ದು ಇನ್ನೊಂದು ಬಗೆ. ಇವುಗಳ ಪರಾಗ ತಾನಾಗಿ ಹೊರಬೀಳುವುದಿಲ್ಲ, ತುದಿಯ ಸಣ್ಣ ಕಿಂಡಿಯಿಂದ ಪುಡಿ ಉದುರಬೇಕು. ದುಂಬಿ, ನೀಲಿಪಟ್ಟಿಯ ಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ಕಂಪಿಸುತ್ತವೆ. ಸ್ವರ ಏರಿದಂತೆ ಕೇಳಿದರೆ ಪರಾಗ ಉದುರಿತೆಂದೇ ಲೆಕ್ಕ. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಟೊಮೆಟೊ ಗಾಳಿಯ ಅಲುಗಾಟಕ್ಕೂ ಕಾಯಿ ಕಟ್ಟುತ್ತದೆ, ಆದರೆ ಈ ಜೇನುಗಳು ಬಂದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಪ್ಯಾಶನ್ ಹಣ್ಣಿಗಂತೂ ದೊಡ್ಡ ದುಂಬಿಯೇ ಬೇಕು. ಸಣ್ಣ ಜೇನು ಪರಾಗ ಕದ್ದು ಹೋಗುತ್ತದೆ, ಮೈ ಗಾತ್ರ ಸಾಲದೆ ಹೆಣ್ಣು ಭಾಗವನ್ನು ಮುಟ್ಟುವುದೇ ಇಲ್ಲ. ಜೇನುಪೆಟ್ಟಿಗೆ ತಂದಿಟ್ಟರೂ ಬದನೆ, ಪ್ಯಾಶನ್ ಹಣ್ಣುಗಳ ಫಸಲು ಏಕೆ ಏರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಎಣಿಸುವ ಕ್ರಮ

ನೆನಪು ಲೆಕ್ಕವಲ್ಲ. ಜರ್ಮನಿಯ ಕ್ರೆಫೆಲ್ಡ್ ಎಂಬಲ್ಲಿನ ಹವ್ಯಾಸಿ ಕೀಟಾಸಕ್ತರು 27 ವರ್ಷ ಒಂದೇ ಬಗೆಯ ಬಲೆ ಹಾಕಿ ಹಾರುವ ಕೀಟಗಳನ್ನು ತೂಗಿಟ್ಟಿದ್ದರು. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ತೂಕ ಮುಕ್ಕಾಲು ಪಾಲು ಇಳಿದದ್ದು ಗೊತ್ತಾಗಿ ಜಗತ್ತು ಬೆಚ್ಚಿತು. ಕರ್ನಾಟಕದ ಕಾಡುಜೇನುಗಳಿಗೆ ಅಂಥ ದೀರ್ಘ ದಾಖಲೆಯಿಲ್ಲ. ಹಿತ್ತಲಿನಲ್ಲಿ ಬರೆದಿಟ್ಟ ಸಣ್ಣ ಲೆಕ್ಕಕ್ಕೂ ಬೆಲೆ ಬರುವುದು ಇದರಿಂದಲೇ.

ಕ್ರಮ ಸರಳ. ಬ್ರಿಟನ್ನಿನಲ್ಲಿ 2017ರಿಂದ ಸಾರ್ವಜನಿಕರು ಅರ್ಧ ಮೀಟರ್ ಚೌಕದೊಳಗಿನ ಹೂಗಳಿಗೆ ಹತ್ತು ನಿಮಿಷದಲ್ಲಿ ಎಷ್ಟು ಕೀಟ ಬಂದವೆಂದು ಎಣಿಸುತ್ತಿದ್ದಾರೆ. ಅಮೆರಿಕದಲ್ಲಿ 2008ರಲ್ಲಿ ಶುರುವಾದ ಯೋಜನೆಯೊಂದು ಎಲ್ಲರಿಗೂ ಸೂರ್ಯಕಾಂತಿಯನ್ನೇ ಗೊತ್ತುಮಾಡಿತು, ಹೂ ಒಂದೇ ಆದರೆ ಹೋಲಿಕೆ ಸುಲಭವೆಂದು. ನಮ್ಮ ಹಿತ್ತಲಿಗೆ ತುಳಸಿ ಸರಿಹೊಂದುತ್ತದೆ. ವರ್ಷದ ಬಹುಪಾಲು ಹೂವಿರುತ್ತದೆ, ಎಲ್ಲ ಮನೆಯಲ್ಲೂ ಇರುತ್ತದೆ, ಪುಟ್ಟ ಮುಜಂಟಿಯಿಂದ ನೀಲಿಪಟ್ಟಿಯವರೆಗೆ ಎಲ್ಲವೂ ಬರುತ್ತವೆ. ಗಿಡ ಪೊದೆಯಾಗಲೆಂದು ಕದಿರು ಚಿವುಟುವ ರೂಢಿಯಿದೆ. ಎಣಿಕೆಗಾಗಿ ಒಂದು ಗಿಡವನ್ನು ಚಿವುಟದೆ ಬಿಡಬೇಕು.

ಹೊತ್ತು ಒಂದೇ ಇರಬೇಕು, ಉದಾಹರಣೆಗೆ ಒಂಬತ್ತರಿಂದ ಒಂಬತ್ತೂ ಹತ್ತು. ಮಳೆ, ಜೋರು ಗಾಳಿ, ದಟ್ಟ ಮೋಡದ ದಿನ ಬೇಡ. ಅರಳಿದ ಕದಿರು ಎಷ್ಟೆಂದು ಮೊದಲು ಬರೆದುಕೊಳ್ಳಬೇಕು. ಹತ್ತು ಕದಿರಿಗೆ ಬಂದ ಐದು ಜೇನಿಗೂ ಐವತ್ತು ಕದಿರಿಗೆ ಬಂದ ಐದಕ್ಕೂ ಅರ್ಥ ಬೇರೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ, ದುಂಬಿ, ನೀಲಿಪಟ್ಟಿ, ಗೊತ್ತಾಗದ್ದು ಹೀಗೆ ಬೇರೆ ಬೇರೆಯಾಗಿ ಗುರುತು ಹಾಕಬೇಕು. ಒಂದೂ ಬಾರದ ದಿನವನ್ನು ಬಿಡದೆ ಸೊನ್ನೆ ಎಂದು ಬರೆಯಬೇಕು. ಜನ ಸಾಮಾನ್ಯವಾಗಿ ಬಿಡುವುದು ಇದನ್ನೇ, ಲೆಕ್ಕ ಸುಳ್ಳಾಗುವುದೂ ಇದರಿಂದಲೇ.

ಈ ಅಂಕಿಗಳನ್ನು ಹಿಂದಿನ ತಿಂಗಳಿಗಲ್ಲ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ಎರಡು ವರ್ಷದ ವ್ಯತ್ಯಾಸಕ್ಕೆ ಮಳೆಯ ಏರುಪೇರೇ ಸಾಕು. ಮೂರು–ನಾಲ್ಕು ವರ್ಷ ಒಂದೇ ಜೇನು ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದು, ಬೀದಿಯ ಇನ್ನಷ್ಟು ಮನೆಗಳ ಲೆಕ್ಕವೂ ಅದನ್ನೇ ತೋರಿಸಿದರೆ ಅದು ನಿಜವಾದ ಇಳಿಕೆ. ಮುಜಂಟಿ ಮಾತ್ರ ಇಳಿದಿದ್ದರೆ ಕೆಡವಿದ ಹಳೆ ಗೋಡೆಯನ್ನು, ತುಡುವೆ ಮಾತ್ರ ಇಳಿದಿದ್ದರೆ ರೋಗವನ್ನು, ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಔಷಧಿಯನ್ನೋ ಕಡಿದ ಸಾಲುಮರಗಳನ್ನೋ ಮೊದಲು ಶಂಕಿಸಬೇಕು.

ಮನೆಯವರ ಕೈಯಲ್ಲಿರುವುದು

ಹಿತ್ತಲಿನವರು ಮಾಡಬಹುದಾದದ್ದು ದೊಡ್ಡದೇನಲ್ಲ. ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಹೂವಿರುವಂತೆ ಗಿಡ ಹಾಕುವುದು, ಒಣಬಿದಿರಿನ ತುಂಡು ಮತ್ತು ಒಂದಿಷ್ಟು ಬರಿನೆಲ ಉಳಿಸುವುದು, ಬೇಸಿಗೆಯಲ್ಲಿ ನೀರಿಡುವುದು. ನೀರಿನ ತಟ್ಟೆಗೆ ನಾಲ್ಕು ಕಲ್ಲು ಹಾಕದಿದ್ದರೆ ಕುಡಿಯಲು ಬಂದ ನೊಣ ಮುಳುಗುತ್ತದೆ. ಜೇನು ಉಳಿಸಲೆಂದು ಮೆಲ್ಲಿಫೆರಾ ಪೆಟ್ಟಿಗೆ ಕೊಂಡು ತಾರಸಿಯಲ್ಲಿಡುವುದರಿಂದ ತುಪ್ಪ ಸಿಗಬಹುದು. ನಾಡಜೇನಿಗೆ ಅದರಿಂದ ಉಪಕಾರವಿಲ್ಲ, ಮೇವಿಗೆ ಪೈಪೋಟಿ ಹೆಚ್ಚುತ್ತದೆ.

ಸಿಂಪಡಿಸಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ. ಅರಳಿದ ಹೂವಿಗೆ ಬೇವಿನೆಣ್ಣೆಯೂ ಬೇಡ. ಪಾಲಾದ ತುಡುವೆ ಅಂಗಳದ ಕೊಂಬೆಯಲ್ಲಿ ಗೊಂಚಲಾಗಿ ಕುಳಿತರೆ ಹೊಗೆ, ಬೆಂಕಿ ಬೇಡ. ಅದು ಮನೆ ಹುಡುಕುತ್ತಿರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದೊಳಗೆ ತಾನಾಗಿ ಹೋಗುತ್ತದೆ. ಹತ್ತಿರದ ಜೇನು ಸಾಕುವವರಿಗೆ ತಿಳಿಸಿದರೆ ಪೆಟ್ಟಿಗೆ ತಂದು ಕೂಡಿಕೊಂಡು ಹೋಗುತ್ತಾರೆ. ಸಾಕುವವರು ಎರಿಯಲ್ಲಿ ತಲೆಯೆತ್ತಿ ಸತ್ತ ಮರಿ ಕಂಡರೆ ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬಾರದು, ತೋಟಗಾರಿಕೆ ಇಲಾಖೆಯ ಜೇನುಕೃಷಿ ವಿಭಾಗಕ್ಕೆ ತಿಳಿಸಬೇಕು.